ಟ್ರ್ಯಾಕ್ಟರಿನ ಸೆಲ್ಫ್ ಬದಲಿಸುವ ಮುನ್ನ



ಎರೆಭೂಮಿಯ ಒಕ್ಕಲುತನದಲ್ಲಿ ಹದಕ್ಕಿಂತ ದೊಡ್ಡ ಮಾತಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕರಿ ಎರೆಯಲ್ಲಿ ಜೋರು ಮಳೆ ಬಿದ್ದ ಮರುದಿನ ಟ್ರ್ಯಾಕ್ಟರ್ ಹೊಲಕ್ಕೆ ಇಳಿಯುವಂತಿಲ್ಲ. ಗಾಲಿಗೆ ಮಣ್ಣು ಮೆತ್ತಿಕೊಂಡು ಇದ್ದಲ್ಲಿಯೇ ನಿಲ್ಲುತ್ತದೆ. ಬಿಸಿಲು ನಾಲ್ಕು ದಿನ ಹೆಚ್ಚಾಯಿತೆಂದರೆ ಅದೇ ಮಣ್ಣು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಇವೆರಡರ ನಡುವೆ ಸಿಗುವ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು. ಮುಂಗಾರಿಯ ಹೆಸರಾಗಲಿ, ಹಿಂಗಾರಿಯ ಜೋಳ, ಕಡಲೆ, ಕುಸುಬೆಯಾಗಲಿ ಆ ದಿನಗಳಲ್ಲಿಯೇ ಭೂಮಿಯನ್ನು ಸೇರಬೇಕು. ಅಂಥ ಒಂದು ಬೆಳಿಗ್ಗೆ ಚಾವಿ ತಿರುಗಿಸಿದಾಗ ‘ಟಕ್’ ಎಂದು ಸದ್ದಾಗಿ ಟ್ರ್ಯಾಕ್ಟರ್ ಸುಮ್ಮನಾದರೆ ಒಕ್ಕಲಿಗನ ಎದೆ ಝಲ್ ಎನ್ನುವುದು ಸಹಜ.

ಆಗ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಎರಡು ಕೆಲಸಗಳು ನಡೆಯುತ್ತವೆ. ಒಂದು, ‘ಸೆಲ್ಫ್ ಹೋಗಿದೆ’ ಎಂದು ಅಲ್ಲಿಯೇ ತೀರ್ಮಾನಿಸಿ ಹೊಸದನ್ನು ತರಲು ಹುಬ್ಬಳ್ಳಿಗೆ ಓಡುವುದು. ಇನ್ನೊಂದು, ಸ್ಕ್ರೂ ಡ್ರೈವರ್ ಹಿಡಿದು ನೆಲದ ಮೇಲೆ ನಿಂತುಕೊಂಡೇ ಎಂಜಿನ್ ಚಾಲೂ ಮಾಡುವುದು. ಮೊದಲನೆಯದು ಕಿಸೆಗೆ ಪೆಟ್ಟು, ಎರಡನೆಯದು ಪ್ರಾಣಕ್ಕೆ ಅಪಾಯ. ಸೆಲ್ಫನ್ನು ಪರೀಕ್ಷಿಸದೆ ಬದಲಿಸಬಾರದು, ಮತ್ತು ಅದು ಕೆಟ್ಟಿರುವಾಗ ಅಡ್ಡದಾರಿಯಿಂದ ಎಂಜಿನ್ ಚಾಲೂ ಮಾಡಲೇಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇದನ್ನು ಮಿಸ್ತ್ರಿಗಳಿಗೆ ಬಿಟ್ಟುಬಿಡದೆ ಟ್ರ್ಯಾಕ್ಟರ್ ಇರುವ ಪ್ರತಿಯೊಬ್ಬ ರೈತನೂ ತಿಳಿದುಕೊಳ್ಳಬೇಕು.

ಸೆಲ್ಫ್ ಬಂದದ್ದು ಏತಕ್ಕೆ?

ಮೊದಲು ಎಂಜಿನ್‌ಗಳನ್ನು ಹ್ಯಾಂಡಲ್ ಹಾಕಿ ಕೈಯಿಂದಲೇ ತಿರುಗಿಸಬೇಕಾಗಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ತಿರುಗಿ ಬಡಿದು ಕೈ ಮುರಿಯುತ್ತಿತ್ತು. ಈ ತೊಂದರೆಯನ್ನು ತಪ್ಪಿಸಲು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಈತ ಓಹಿಯೋ ರಾಜ್ಯದ ಒಂದು ಒಕ್ಕಲು ಮನೆತನದಲ್ಲಿ ಹುಟ್ಟಿದವನು. ಯಾರ ಸಹಾಯವೂ ಇಲ್ಲದೆ ಎಂಜಿನ್ ತಾನೇ ಚಾಲೂ ಆಗುವುದರಿಂದ ಅದಕ್ಕೆ ‘ಸೆಲ್ಫ್ ಸ್ಟಾರ್ಟರ್’ ಎಂಬ ಹೆಸರಾಯಿತು. ನಮ್ಮ ಮಾತಿನಲ್ಲಿ ಅದು ಬರೀ ‘ಸೆಲ್ಫ್’ ಆಗಿ ಉಳಿದಿದೆ. ಮನುಷ್ಯನ ಕೈಯನ್ನು ಉಳಿಸಲು ಬಂದ ಸಾಧನ ಇದು ಎಂಬುದನ್ನು ಮುಂದಿನ ಮಾತುಗಳನ್ನು ಓದುವಾಗ ನೆನಪಿನಲ್ಲಿಡಿರಿ.

ಇದರ ಕೆಲಸ ಸರಳ. ಚಾವಿ ತಿರುಗಿಸಿದಾಗ ಒಂದು ಸಣ್ಣ ತಂತಿಯ ಮೂಲಕ ಸೊಲೆನಾಯ್ಡಿಗೆ ಕರೆಂಟು ಹೋಗುತ್ತದೆ. ಸೊಲೆನಾಯ್ಡ್ ಎಂದರೆ ಸೆಲ್ಫಿನ ಬೆನ್ನ ಮೇಲೆ ಕುಳಿತಿರುವ ಸಣ್ಣ ಡಬ್ಬಿ. ಅದು ಒಂದೇ ಏಟಿಗೆ ಎರಡು ಕೆಲಸ ಮಾಡುತ್ತದೆ: ಹಲ್ಲಿನ ಸಣ್ಣ ಗಾಲಿಯನ್ನು ಮುಂದಕ್ಕೆ ತಳ್ಳಿ ಫ್ಲೈವೀಲಿನ ಹಲ್ಲುಗಳಿಗೆ ಸೇರಿಸುತ್ತದೆ, ಬ್ಯಾಟರಿಯ ದಪ್ಪ ಕೇಬಲ್ಲಿನ ಕರೆಂಟನ್ನು ಮೋಟಾರಿಗೆ ಕೊಡುತ್ತದೆ. ಮೋಟಾರು ತಿರುಗಿ ಎಂಜಿನನ್ನು ತಿರುಗಿಸುತ್ತದೆ. ಎಂಜಿನ್ ಹಿಡಿದ ಕೂಡಲೇ ಹಲ್ಲಿನ ಗಾಲಿ ಹಿಂದಕ್ಕೆ ಬರುತ್ತದೆ. ಮಿಸ್ತ್ರಿಗಳು ‘ಬೆಂಡಿಕ್ಸ್’ ಎನ್ನುವುದು ಈ ಗಾಲಿಯ ಜೋಡಣೆಗೆ.

ಬೆನ್ನು ಬಿಡದ ಮಣ್ಣು ನೀರು

ಸೆಲ್ಫ್ ಎಂಜಿನ್ನಿನ ಬದಿಯಲ್ಲಿ, ಬಹುತೇಕ ಕೆಳಭಾಗದಲ್ಲಿ ಇರುತ್ತದೆ. ಹೀಗಾಗಿ ನಮ್ಮ ಜಿಲ್ಲೆಯ ಮಣ್ಣು ನೀರುಗಳಿಗೆ ಅದು ಮೊದಲು ಸಿಕ್ಕಿಬೀಳುತ್ತದೆ. ಬೇಸಿಗೆಯಲ್ಲಿ ಎರೆಮಣ್ಣಿನ ನುಣ್ಣನೆಯ ಧೂಳು ಒಳಗೆ ಸೇರುತ್ತದೆ. ಮಳೆಗಾಲದಲ್ಲಿ ಕೆಸರು ಮೆತ್ತಿ, ಒಣಗಿ, ತಂತಿಯ ತುದಿಗಳನ್ನು ಮುಚ್ಚಿಬಿಡುತ್ತದೆ. ಕಲಘಟಗಿ ಕಡೆಯಲ್ಲಿ ಭತ್ತದ ಗದ್ದೆಗಳಲ್ಲಿ ಕೆಸರು ಕಲಸುವಾಗ ನೀರು ಸಿಡಿದು ಒಳಗೆ ಹೋಗುತ್ತದೆ. ನವಲಗುಂದ ಭಾಗದಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿದಾಗ ಆಗುವ ಹಾನಿಯನ್ನು ಹೇಳಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳ ನೆರೆಯನ್ನು ಯಾರೂ ಮರೆತಿಲ್ಲ. ನೀರಿನಲ್ಲಿ ನಿಂತ ಸೆಲ್ಫನ್ನು ಬಿಚ್ಚಿ ಒಣಗಿಸದೆ ಹಾಗೆಯೇ ಬಿಟ್ಟರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು, ಕೆಲವು ವಾರಗಳ ನಂತರ ಬಿತ್ತನೆಯ ಹೊತ್ತಿಗೆ ಸರಿಯಾಗಿ ಕೈ ಕೊಡುತ್ತದೆ.

ನಾವೇ ಮಾಡುವ ಹಾನಿಯೂ ಇದೆ. ತೊಳೆಯುವಾಗ ಪಂಪಿನ ನೀರನ್ನು ನೇರವಾಗಿ ಸೆಲ್ಫಿನ ಮೇಲೆ ಬಿಡುವುದು ಒಂದು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿ ಎಂಜಿನ್ ಹಿಡಿಯದಿದ್ದಾಗ ಬಿಡದೆ ಅರ್ಧ ನಿಮಿಷ, ಒಂದು ನಿಮಿಷ ಸೆಲ್ಫ್ ಹೊಡೆಯುವುದು ಇನ್ನೊಂದು. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು. ನಂತರ ಒಂದು ನಿಮಿಷವಾದರೂ ಬಿಡುವು ಕೊಡಬೇಕು. ಮೂರು ನಾಲ್ಕು ಸಲಕ್ಕೂ ಎಂಜಿನ್ ಹಿಡಿಯದಿದ್ದರೆ ದೋಷ ಡೀಸೆಲ್ಲಿನಲ್ಲಿದೆಯೇ, ಗಾಳಿಯಲ್ಲಿದೆಯೇ ಎಂದು ನೋಡಬೇಕೇ ಹೊರತು ಸೆಲ್ಫನ್ನು ಸುಡಬಾರದು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು’ ಎಂಬ ಗಾದೆ ಈ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತದೆ. ಬ್ಯಾಟರಿಗೆ ಜ್ವರ, ಬರೆ ಸೆಲ್ಫಿಗೆ. ಸೆಲ್ಫ್ ತಿರುಗದಿರಲು ಅನೇಕ ಸಲ ಸೆಲ್ಫ್ ಕಾರಣವೇ ಆಗಿರುವುದಿಲ್ಲ. ಬ್ಯಾಟರಿ ಇಳಿದಿರುವುದು, ಟರ್ಮಿನಲ್ ಮೇಲೆ ಬಿಳಿ ಹಸಿರು ಹೂವು ಬಂದಿರುವುದು, ಅರ್ತ್ ಕೇಬಲ್ ಸಡಿಲಾಗಿರುವುದು, ಚಾವಿಯ ಸ್ವಿಚ್ಚು ಸವೆದಿರುವುದು ಇವು ಸಾಮಾನ್ಯ ಕಾರಣಗಳು.

‘ದೀಪ ಚೆನ್ನಾಗಿ ಉರಿಯುತ್ತದೆ, ಬ್ಯಾಟರಿ ಸರಿ ಇದೆ’ ಎಂದು ವಾದಿಸುವವರಿದ್ದಾರೆ. ಇದು ತಪ್ಪು ಲೆಕ್ಕ. 55 ವ್ಯಾಟಿನ ಒಂದು ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 5 ಆಂಪಿಯರ್ ಎಳೆಯುತ್ತದೆ. ಎಂಜಿನ್ ತಿರುಗಿಸುವಾಗ ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್. ಕೇಬಲ್ ಕೂಡುವಲ್ಲಿ ಒಂದು ಓಮಿನ ನೂರನೆಯ ಒಂದು ಭಾಗದಷ್ಟು ತಡೆ ಇದ್ದರೆ ಸಾಕು, 200 ಆಂಪಿಯರ್ ಹರಿಯುವಾಗ ಅಲ್ಲಿಯೇ 2 ವೋಲ್ಟ್ ಸೋರಿಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಕಿಲುಬು ಸೆಲ್ಫನ್ನು ನಿಲ್ಲಿಸುತ್ತದೆ, ಆದರೆ ದೀಪಕ್ಕೆ ಅದರ ಪರಿವೆಯೇ ಇರುವುದಿಲ್ಲ.

ಆದುದರಿಂದ ಪಾನಾ ಹಿಡಿಯುವ ಮೊದಲು ಕಿವಿಗೊಟ್ಟು ಕೇಳಿರಿ. ‘ಟಕಟಕಟಕ’ ಎಂದು ಬಿಡದೆ ಸದ್ದು ಬಂದರೆ ಬ್ಯಾಟರಿ ಅಥವಾ ಅದರ ಜೋಡಣೆಯ ದೋಷ. ಒಂದೇ ಸಲ ‘ಟಕ್’ ಎಂದು ನಿಂತರೆ ಕೇಬಲ್, ಸೊಲೆನಾಯ್ಡಿನ ಒಳಗಿನ ತಾಮ್ರದ ಮುಖಗಳು ಅಥವಾ ಮೋಟಾರಿನ ಕಾರ್ಬನ್ ಇವುಗಳಲ್ಲಿ ದೋಷ ಇರಬಹುದು. ಸದ್ದೇ ಇಲ್ಲದಿದ್ದರೆ ಚಾವಿಯ ಸ್ವಿಚ್ಚು, ಕ್ಲಚ್ ಅಥವಾ ಗೇರಿನ ಸುರಕ್ಷತಾ ಸ್ವಿಚ್ಚು, ಸಣ್ಣ ತಂತಿ ಇವುಗಳನ್ನು ನೋಡಬೇಕು. ಮೋಟಾರು ‘ಝುಂಯ್’ ಎಂದು ತಿರುಗಿ ಎಂಜಿನ್ ಮಾತ್ರ ತಿರುಗದಿದ್ದರೆ ಬೆಂಡಿಕ್ಸ್ ಹೋಗಿದೆ. ಕಬ್ಬಿಣ ಉಜ್ಜಿದಂತೆ ‘ಕರ್’ ಎಂದರೆ ಹಲ್ಲುಗಳು ಸವೆದಿವೆ.

ಇನ್ನೊಂದು ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಹೆಡ್‌ಲೈಟ್ ಹಚ್ಚಿ, ಸೀಟಿನ ಮೇಲೆ ಕುಳಿತು ಸೆಲ್ಫ್ ಹೊಡೆಯಿರಿ. ದೀಪ ತೀರ ಮಂಕಾದರೆ ಅಥವಾ ಆರಿದರೆ ಮೊದಲು ಬ್ಯಾಟರಿ ಮತ್ತು ಟರ್ಮಿನಲ್ ನೋಡಿರಿ. ಸೆಲ್ಫ್ ತಿರುಗದೆ ದೀಪ ಮಾತ್ರ ಹಾಗೆಯೇ ಉರಿಯುತ್ತಿದ್ದರೆ ಕರೆಂಟು ಸೆಲ್ಫಿನ ಒಳಗೆ ಹೋಗುತ್ತಲೇ ಇಲ್ಲವೆಂದು ತಿಳಿಯಬೇಕು.

ಒಂದು ಸಾದಾ ಮಲ್ಟಿಮೀಟರ್ ಇದ್ದರೆ ಸಂಶಯಕ್ಕೆ ಎಡೆಯೇ ಇಲ್ಲ. ರಾತ್ರಿಯಿಡೀ ನಿಂತ ಟ್ರ್ಯಾಕ್ಟರಿನ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಹಿಡಿಯದಂತೆ ಸ್ಟಾಪ್ ಎಳೆದು, ಗೇರ್ ನ್ಯೂಟ್ರಲ್ ಮಾಡಿ, ಒಬ್ಬರು ಸೀಟಿನ ಮೇಲೆ ಕುಳಿತು ಸೆಲ್ಫ್ ಹೊಡೆಯುವಾಗ ಅದು ಸುಮಾರು 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಮತ್ತೆ ನೋಡಬೇಕು. ಇಳಿಯದಿದ್ದರೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೂ ಇನ್ನೊಂದನ್ನು ಸೆಲ್ಫಿನ ದಪ್ಪ ಬೋಲ್ಟಿಗೂ ಹಿಡಿದು ಮತ್ತೆ ಹೊಡೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಆ ದಾರಿಯಲ್ಲಿದೆ. ಬ್ಯಾಟರಿಯ ಮೈನಸ್ ಕಂಬಕ್ಕೂ ಸೆಲ್ಫಿನ ಮೈಗೂ ಹಿಡಿದು ಹೀಗೆಯೇ ನೋಡಬೇಕು. ಅರ್ತ್ ಕೇಬಲ್ಲಿನ ದೋಷ ಗೊತ್ತಾಗುವುದು ಇಲ್ಲಿಯೇ. ನೋಡುವವರ ಕೈ, ಧೋತರ, ಟವೆಲ್ಲು ಫ್ಯಾನಿನಿಂದ ದೂರ ಇರಲಿ. ಗಾಲಿಯ ಮುಂದೆ ಯಾರೂ ನಿಲ್ಲಬಾರದು.

ಇಷ್ಟೆಲ್ಲ ನೋಡುವುದಕ್ಕೆ ಅರ್ಧ ತಾಸು ಸಾಕು. ಹುಬ್ಬಳ್ಳಿಗೆ ಹೋಗಿ ಬರುವ ಅರ್ಧ ದಿನ ಉಳಿಯಬಹುದು. ಟರ್ಮಿನಲ್ಲನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಮರಳು ಕಾಗದದಿಂದ ತಿಕ್ಕಿ, ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲಿನ್ ಸವರಿದರೆ ಎಷ್ಟೋ ‘ಹೋದ’ ಸೆಲ್ಫುಗಳು ಮತ್ತೆ ತಿರುಗುತ್ತವೆ. ಸೋಡಾ ನೀರು ಮಾತ್ರ ಬ್ಯಾಟರಿಯ ಒಳಗೆ ಹೋಗದಂತೆ ನೋಡಿಕೊಳ್ಳಬೇಕು.

ಸ್ಕ್ರೂ ಡ್ರೈವರಿನ ಅಡ್ಡದಾರಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಚಾವಿಯಿಂದ ಚಾಲೂ ಆಗದಿದ್ದಾಗ ಸೆಲ್ಫಿನ ದಪ್ಪ ಬೋಲ್ಟಿಗೂ ಸಣ್ಣ ತಂತಿಯ ತುದಿಗೂ ಸ್ಕ್ರೂ ಡ್ರೈವರ್ ಮುಟ್ಟಿಸಿ ಎಂಜಿನ್ ಚಾಲೂ ಮಾಡುವುದು ನಮ್ಮಲ್ಲಿ ಒಂದು ಜಾಣತನವೆಂದೇ ನಡೆದುಬಂದಿದೆ. ತಿಂಗಳುಗಟ್ಟಲೆ ಹೀಗೆಯೇ ನಡೆಸುವವರಿದ್ದಾರೆ. ‘ಸ್ವಿಚ್ಚಿಗೆ ಯಾಕೆ ದುಡ್ಡು ದಂಡ, ಹೀಗೂ ಆಗುತ್ತದಲ್ಲ’ ಎಂಬುದು ಅವರ ವಾದ.

ಅಪಾಯ ಎಲ್ಲಿದೆ ಎಂಬುದನ್ನು ಸಾವಧಾನವಾಗಿ ಯೋಚಿಸಿರಿ. ಈಗಿನ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಒತ್ತದೆ ಅಥವಾ ಗೇರ್ ನ್ಯೂಟ್ರಲ್ ಇರದೆ ಸೆಲ್ಫ್ ತಿರುಗಬಾರದೆಂದು ಒಂದು ಸುರಕ್ಷತಾ ಸ್ವಿಚ್ಚು ಇರುತ್ತದೆ. ಅದು ಇರುವುದು ಚಾವಿಯಿಂದ ಸೊಲೆನಾಯ್ಡಿಗೆ ಹೋಗುವ ಸಣ್ಣ ತಂತಿಯ ದಾರಿಯಲ್ಲಿ. ಸ್ಕ್ರೂ ಡ್ರೈವರ್ ಮುಟ್ಟಿಸಿದಾಗ ಕರೆಂಟು ಆ ದಾರಿಯನ್ನೇ ಬಿಟ್ಟು ಬಿಡುತ್ತದೆ. ಗೇರ್ ಬಿದ್ದಿದ್ದರೂ ಸೆಲ್ಫ್ ತಿರುಗುತ್ತದೆ. ಡೀಸೆಲ್ ಎಂಜಿನ್ ಕಾದಿದ್ದರೆ ಒಂದೆರಡು ಸುತ್ತಿನಲ್ಲಿ ಹಿಡಿಯುತ್ತದೆ. ಹಿಡಿದ ಕೂಡಲೇ ಟ್ರ್ಯಾಕ್ಟರ್ ಮುಂದಕ್ಕೆ ನುಗ್ಗುತ್ತದೆ. ಆಗ ಆ ಮನುಷ್ಯ ನಿಂತಿರುವುದು ಎಲ್ಲಿ? ಮುಂದಿನ ಗಾಲಿಗೂ ಹಿಂದಿನ ದೊಡ್ಡ ಗಾಲಿಗೂ ನಡುವೆ, ಸೆಲ್ಫಿನ ಕಡೆಗೆ ಬಗ್ಗಿಕೊಂಡು. ಹಿಂದೆ ಸರಿಯುವುದಕ್ಕೆ ಹೊತ್ತೇ ಇರುವುದಿಲ್ಲ. ಹೀಗೆ ಸತ್ತವರು ನಮ್ಮ ದೇಶದಲ್ಲಿ ಮಾತ್ರವಲ್ಲ, ಟ್ರ್ಯಾಕ್ಟರ್ ಇರುವ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅದಕ್ಕಾಗಿಯೇ ಸೆಲ್ಫಿನ ತುದಿಗಳಿಗೆ ತಯಾರಕರು ಮುಚ್ಚಳ ಹಾಕಿ, ಎಚ್ಚರಿಕೆಯ ಚೀಟಿ ಅಂಟಿಸಿ ಕಳಿಸುತ್ತಾರೆ. ಆ ಮುಚ್ಚಳವನ್ನು ಕಿತ್ತು ಎಸೆಯುವವರು ನಾವೇ.

‘ನಾನು ಗೇರ್ ನೋಡಿಯೇ ಹಚ್ಚುತ್ತೇನೆ’ ಎಂದು ನೀವು ಹೇಳಬಹುದು. ನೂರು ಸಲ ನೋಡುತ್ತೀರಿ. ನೂರಾ ಒಂದನೆಯ ಸಲ ಮಳೆ ಬರುವ ಗಡಿಬಿಡಿಯಿರುತ್ತದೆ, ಅಥವಾ ಇಳಿಜಾರಿನಲ್ಲಿ ಗೇರ್ ಹಾಕಿ ನಿಲ್ಲಿಸಿದವರು ಬೇರೆಯವರಾಗಿರುತ್ತಾರೆ, ಅಥವಾ ಮನೆಯ ಹುಡುಗನು ನಿಮ್ಮಂತೆಯೇ ಮಾಡಿ ನೋಡುತ್ತಾನೆ.

ಇಲ್ಲಿ ಮಾಲೀಕರಿಗೆ ಒಂದು ಮಾತು ಹೇಳಲೇಬೇಕು. ಅನೇಕ ಕಡೆ ಟ್ರ್ಯಾಕ್ಟರ್ ನಡೆಸುವವರು ಸಂಬಳದ ಡ್ರೈವರುಗಳು. ಸ್ವಿಚ್ಚು ಕೆಟ್ಟಿದೆ ಎಂದು ಅವರು ಹೇಳಿದಾಗ ‘ಸುಗ್ಗಿ ಮುಗಿಯಲಿ, ನೋಡೋಣ’ ಎಂದು ಸ್ಕ್ರೂ ಡ್ರೈವರನ್ನು ಅವರ ಕೈಯಲ್ಲಿ ಕೊಡುವವರು ಯಾರು? ಉಳಿಯುವ ದುಡ್ಡು ಮಾಲೀಕನದು, ಗಾಲಿಯ ಮುಂದೆ ನಿಲ್ಲುವ ಮೈ ಡ್ರೈವರನದು. ಇದು ನ್ಯಾಯವಲ್ಲ. ಕೆಟ್ಟ ಸ್ವಿಚ್ಚಿನ ಟ್ರ್ಯಾಕ್ಟರನ್ನು ನಡೆಸುವುದಿಲ್ಲ ಎಂದು ಡ್ರೈವರ್ ಹೇಳಿದರೆ ಅದನ್ನು ಸೋಮಾರಿತನವೆಂದು ತಿಳಿಯಬಾರದು. ಅಂಥವನು ನಿಮ್ಮ ಮನೆಗೆ ಒಳ್ಳೆಯದನ್ನೇ ಬಯಸುವವನು. ಬಿತ್ತನೆ ಒಂದು ದಿನ ತಡವಾದರೆ ಇಳುವರಿ ಸ್ವಲ್ಪ ಕಡಿಮೆಯಾದೀತು. ಹೋದ ಜೀವ ಮಾತ್ರ ಮುಂದಿನ ಹಂಗಾಮಿಗೆ ತಿರುಗಿ ಬರುವುದಿಲ್ಲ.

ಬದಲಿಸುವುದೇ ಆದರೆ

ಪರೀಕ್ಷೆಯಲ್ಲಿ ದೋಷ ಸೆಲ್ಫಿನದೇ ಎಂದು ಗೊತ್ತಾದ ಮೇಲೆ ಅದನ್ನು ಬಿಚ್ಚುವುದು ಕಷ್ಟದ ಕೆಲಸವಲ್ಲ. ಕ್ರಮ ಮಾತ್ರ ತಪ್ಪಬಾರದು.

ಟ್ರ್ಯಾಕ್ಟರನ್ನು ಸಮ ನೆಲದಲ್ಲಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಬ್ರೇಕ್ ಹಾಕಿ, ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿರಿ. ಚಾವಿ ತೆಗೆದು ಕಿಸೆಯಲ್ಲಿ ಇಟ್ಟುಕೊಳ್ಳಿರಿ. ಕೈಯಲ್ಲಿಯ ಉಂಗುರ, ಕಡಗ, ಗಡಿಯಾರ ತೆಗೆಯಿರಿ. ಬ್ಯಾಟರಿಯ ಹತ್ತಿರ ಬೀಡಿ ಬೇಡ. ಅದರಿಂದ ಬರುವ ಅನಿಲಕ್ಕೆ ಕಿಡಿ ತಗಲಿದರೆ ಸಿಡಿಯುತ್ತದೆ.

ಮೊದಲು ಬಿಚ್ಚಬೇಕಾದದ್ದು ಬ್ಯಾಟರಿಯ ಮೈನಸ್ ಅಂದರೆ ಅರ್ತ್ ಕೇಬಲ್. ಇದಕ್ಕೆ ಕಾರಣವಿದೆ. ಪ್ಲಸ್ ಮೊದಲು ಬಿಚ್ಚುವಾಗ ಪಾನಾ ಟ್ರ್ಯಾಕ್ಟರಿನ ಮೈಗೆ ತಗಲಿದರೆ ದೊಡ್ಡ ಕಿಡಿ ಹಾರುತ್ತದೆ. ಅರ್ತ್ ಬಿಚ್ಚಿದ ಮೇಲೆ ಆ ಭಯವಿಲ್ಲ. ತಿರುಗಿ ಹಾಕುವಾಗ ಅದೇ ಕೇಬಲ್ ಕೊನೆಗೆ.

ನಂತರ ಸೆಲ್ಫಿನ ತಂತಿಗಳನ್ನು ಬಿಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿರಿ, ಇಲ್ಲವೇ ಒಂದೊಂದು ತಂತಿಗೂ ಬೇರೆ ಬೇರೆ ಬಣ್ಣದ ಅರಿವೆಯ ಚಿಂದಿ ಕಟ್ಟಿರಿ. ಸೆಲ್ಫನ್ನು ಹಿಡಿದಿರುವ ಬೋಲ್ಟುಗಳಲ್ಲಿ ಕೊನೆಯದನ್ನು ಬಿಚ್ಚುವಾಗ ಕೆಳಗೆ ಒಬ್ಬರು ಕೈ ಕೊಡಬೇಕು. ಅದು ನೋಡಿದಷ್ಟು ಹಗುರವಲ್ಲ.

ಸೆಲ್ಫ್ ಹೊರಬಂದ ಮೇಲೆ ಆ ತೂತಿನೊಳಗೆ ಬ್ಯಾಟರಿ ದೀಪ ಬಿಟ್ಟು ಫ್ಲೈವೀಲಿನ ಹಲ್ಲುಗಳನ್ನು ನೋಡಿರಿ. ಎಂಜಿನನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ಸುತ್ತಲೂ ನೋಡಬೇಕು. ಎಂಜಿನ್ ನಿಲ್ಲುವಾಗ ಕೆಲವೇ ಜಾಗಗಳಲ್ಲಿ ನಿಲ್ಲುವುದರಿಂದ ಹಲ್ಲುಗಳು ಅಲ್ಲಲ್ಲಿಯೇ ಸವೆಯುತ್ತವೆ: ಮೂರು ಸಿಲಿಂಡರಿನದಾದರೆ ಮೂರು ಕಡೆ, ನಾಲ್ಕು ಸಿಲಿಂಡರಿನದಾದರೆ ಎದುರು ಬದುರಿಗೆ ಎರಡು ಕಡೆ. ಆ ಹಲ್ಲುಗಳು ತೀರ ಸವೆದಿದ್ದರೆ ಹೊಸ ಸೆಲ್ಫನ್ನು ಹಾಕಿಯೂ ಪ್ರಯೋಜನವಿಲ್ಲ. ಅದರ ಹಲ್ಲೂ ಬೇಗನೆ ಹಾಳಾಗುತ್ತದೆ. ತೂತಿನಲ್ಲಿ ಎಣ್ಣೆ ಸೋರಿದ ಗುರುತು ಕಂಡರೆ ಎಂಜಿನ್ನಿನ ಹಿಂದಿನ ಸೀಲನ್ನು ನೋಡಿಸಬೇಕು.

ಅಂಗಡಿಗೆ ಹೋಗುವಾಗ ಹಳೆಯ ಸೆಲ್ಫನ್ನು ಜೊತೆಗೆ ಒಯ್ಯಿರಿ. ಟ್ರ್ಯಾಕ್ಟರಿನ ಮಾಡೆಲ್, ಎಂಜಿನ್ ನಂಬರ್ ಬರೆದುಕೊಂಡು ಹೋಗಿರಿ. ಬೋಲ್ಟಿನ ತೂತುಗಳು, ಹಲ್ಲುಗಳ ಎಣಿಕೆ, ತಿರುಗುವ ದಿಕ್ಕು ಇವು ಮೂರೂ ಹೊಂದಬೇಕು. ಬಿಲ್ಲು ಕೇಳಿ ಪಡೆಯಿರಿ; ಬಿಲ್ಲಿಲ್ಲದೆ ಅಗ್ಗಕ್ಕೆ ಸಿಕ್ಕ ನಕಲಿ ಮಾಲು ಮುಂದಿನ ಹಂಗಾಮಿಗೆ ಕೈ ಕೊಟ್ಟರೆ ಯಾರನ್ನೂ ಕೇಳುವಂತಿಲ್ಲ.

ಹೊಸದನ್ನು ಕೂರಿಸುವ ಮುನ್ನ ಎರಡೂ ಮುಖಗಳ ಮಣ್ಣು, ತುಕ್ಕು, ಬಣ್ಣ ತೆಗೆಯಬೇಕು. ಸೆಲ್ಫಿಗೆ ಅರ್ತ್ ಸಿಗುವುದು ಸಾಮಾನ್ಯವಾಗಿ ಈ ಮುಖದಿಂದಲೇ. ಸೊಲೆನಾಯ್ಡಿನ ನಟ್ಟನ್ನು ಮೈಮರೆತು ಬಿಗಿಯಬಾರದು, ಮುಚ್ಚಳ ಒಡೆಯುತ್ತದೆ. ಬೆಂಡಿಕ್ಸಿಗೆ ಗ್ರೀಸು ಬಳಿಯಬಾರದು, ಅದು ಧೂಳನ್ನು ಹಿಡಿದು ಅಂಟಾಗುತ್ತದೆ. ತಯಾರಕರು ಹಾಕಿದ ಮುಚ್ಚಳವನ್ನು ಮರೆಯದೆ ಹಾಕಿರಿ. ಎಲ್ಲ ಮುಗಿದ ಮೇಲೆ ಸೀಟಿನ ಮೇಲೆ ಕುಳಿತು, ಕ್ಲಚ್ ಒತ್ತಿ, ಚಾವಿಯಿಂದಲೇ ಚಾಲೂ ಮಾಡಿರಿ.

ಹಳೆಯದನ್ನು ಗುಜರಿಗೆ ಹಾಕಲು ಅವಸರ ಬೇಡ. ಸವೆದದ್ದು ಕಾರ್ಬನ್, ಬುಶ್, ಸೊಲೆನಾಯ್ಡ್ ಅಥವಾ ಬೆಂಡಿಕ್ಸ್ ಮಾತ್ರವಾಗಿದ್ದರೆ ಅಷ್ಟನ್ನೇ ಹಾಕಿಸಬಹುದು. ಆರ್ಮೇಚರ್ ಸುಟ್ಟಿದ್ದರೆ ಸೆಲ್ಫನ್ನೇ ಬದಲಿಸುವುದು ಮೇಲು. ಯಾವುದು ಸವೆದಿದೆ ಎಂದು ಮಿಸ್ತ್ರಿಯನ್ನು ಕೇಳಿ, ಬಿಚ್ಚಿ ತೋರಿಸಿಕೊಳ್ಳಿರಿ. ಒಳ್ಳೆಯ ಮಿಸ್ತ್ರಿ ಇದಕ್ಕೆ ಬೇಸರಪಡುವುದಿಲ್ಲ.

ಊರಿಗೊಂದು ವ್ಯವಸ್ಥೆ

ಇದಿಷ್ಟನ್ನೂ ಪ್ರತಿಯೊಬ್ಬರೂ ಒಂಟಿಯಾಗಿ ಮಾಡಬೇಕೆಂದಿಲ್ಲ. ಒಂದು ಊರಿನಲ್ಲಿ ಒಂದೇ ಮಾಡೆಲ್ಲಿನ ಐದಾರು ಟ್ರ್ಯಾಕ್ಟರುಗಳಿದ್ದರೆ ಆ ಮನೆಗಳು ಕೂಡಿ ಒಂದು ಹೆಚ್ಚಿನ ಸೆಲ್ಫನ್ನೂ ಒಂದು ಮಲ್ಟಿಮೀಟರನ್ನೂ ಇಟ್ಟುಕೊಳ್ಳಬಾರದೇಕೆ? ಕೆಟ್ಟವರು ಒಯ್ದು ಹಾಕಿಕೊಳ್ಳಲಿ, ತಮ್ಮದನ್ನು ದುರಸ್ತಿ ಮಾಡಿಸಿ ತಿರುಗಿ ಇಡಲಿ. ಹದದ ದಿನಗಳಲ್ಲಿ ಯಾರ ಕೂರಿಗೆಯೂ ನಿಲ್ಲುವುದಿಲ್ಲ. ಊರಿನ ಸಹಕಾರ ಸಂಘ ಇದಕ್ಕೆ ತಕ್ಕ ಜಾಗ. 1905ರಲ್ಲಿ ರೈತರು ಕೂಡಿ ಸಾಲದ ಸಹಕಾರ ಸಂಘ ಕಟ್ಟಿದ ಕಣಗಿನಹಾಳ, ಈಗ ಗದಗ ಜಿಲ್ಲೆಯಲ್ಲಿದ್ದರೂ, ಅಂದು ನಮ್ಮ ಧಾರವಾಡ ಜಿಲ್ಲೆಯ ಊರೇ. ಅಷ್ಟು ದೊಡ್ಡ ಕೆಲಸ ಮಾಡಿದ ನೆಲಕ್ಕೆ ಒಂದು ಸೆಲ್ಫಿನ ಪಾಲುದಾರಿಕೆ ಭಾರವಾಗಲಾರದು.

ಊರಿನ ಒಬ್ಬಿಬ್ಬರು ತರುಣರು ಈ ವಿದ್ಯೆಯನ್ನು ಸರಿಯಾಗಿ ಕಲಿತುಬರುವುದೂ ಅವಶ್ಯ. ಟ್ರ್ಯಾಕ್ಟರ್ ನಡೆಸುವ, ದುರಸ್ತಿ ಮಾಡುವ ತರಬೇತಿಗೆ ಭಾರತ ಸರಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ನೆರೆಯ ಆಂಧ್ರದ ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲಿದೆ. ನಿಮ್ಮ ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರಗಳಲ್ಲಿಯೂ ಇಂಥ ತರಬೇತಿಯನ್ನು ಕೇಳಿರಿ. ಬೀಜ, ಗೊಬ್ಬರ ಕೇಳಲು ಹೋಗುವ ನಾವು ವಿದ್ಯೆಯನ್ನು ಕೇಳಲು ಸಂಕೋಚಪಡುವುದು ಬೇಡ.

ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಗೊರಸನ್ನು ನೋಡಿ ಆರೈಕೆ ಮಾಡುವ ಪದ್ಧತಿ ನಮ್ಮದು. ಟ್ರ್ಯಾಕ್ಟರಿಗೆ ಆಯುಧ ಪೂಜೆಯ ದಿನ ಮಾಲೆ ಹಾಕುತ್ತೇವೆ, ಆದರೆ ಅದರ ಬ್ಯಾಟರಿಯ ಮುಚ್ಚಳ ತೆರೆದು ನೋಡುವವರು ಕಡಿಮೆ. ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ರೋಹಿಣಿ ಮಳೆಯ ಹೊತ್ತಿಗೆ ಮತ್ತು ಹಿಂಗಾರಿಗೆ ಮೊದಲು ಉತ್ತರಿ ಮಳೆಯ ಹೊತ್ತಿಗೆ, ಟರ್ಮಿನಲ್, ಕೇಬಲ್, ಸ್ವಿಚ್ಚು, ಸೆಲ್ಫ್ ಇವುಗಳನ್ನು ನೋಡುವುದನ್ನು ಮನೆಯ ರೂಢಿಯಾಗಿ ಮಾಡಿಕೊಳ್ಳಿರಿ. ನೆರೆಯ ನೀರಿನಲ್ಲಿ ನಿಂತ ಟ್ರ್ಯಾಕ್ಟರಾದರೆ ಹಬ್ಬ ಹುಣ್ಣಿಮೆ ಕಾಯದೆ ಸೆಲ್ಫನ್ನು ಬಿಚ್ಚಿಸಿ ಒಣಗಿಸಿರಿ. ಮತ್ತು ಈ ಪತ್ರಿಕೆಯನ್ನು ಮಡಿಚಿಡುವ ಮುನ್ನ ಒಂದು ಕೆಲಸ ಮಾಡಿರಿ: ನಿಮ್ಮ ಟ್ರ್ಯಾಕ್ಟರಿನ ಟೂಲ್ ಡಬ್ಬಿಯಲ್ಲಿ ತುದಿ ಸುಟ್ಟು ಕಪ್ಪಾದ ಸ್ಕ್ರೂ ಡ್ರೈವರ್ ಇದೆಯೇ ನೋಡಿರಿ. ಇದ್ದರೆ ನಾಳೆ ಬೆಳಿಗ್ಗೆಯೇ ಸ್ವಿಚ್ಚನ್ನು ದುರಸ್ತಿ ಮಾಡಿಸಿರಿ.